ಎಮ್ಮೆಯ ಕಿವಿಯಲ್ಲಿ ಹೇಳಿದ್ದು

ನನ್ನ ಹೆಂಡತಿ ದಿನಾ ಬೆಳಿಗ್ಗೆ ನಮ್ಮ ಎಮ್ಮೆಯ ಕಿವಿಯಲ್ಲಿ ಏನು ಹೇಳುತ್ತಾಳೆ ಎಂಬುದು ನನಗೆ ಗೊತ್ತಿರಲಿಲ್ಲ. ಏನೋ ಹೇಳುತ್ತಾಳೆ ಎಂಬುದು ಮಾತ್ರ ಗೊತ್ತಿತ್ತು. ಕುಂದಗೋಳ ತಾಲೂಕಿನ ನಮ್ಮ ಊರಿನ ಹಳೇ ಮನೆಗಳಲ್ಲಿ ತಲೆಬಾಗಿಲು ದಾಟಿದರೆ ಮೊದಲು ದನ, ಆಮೇಲೆ ಮನುಷ್ಯರು. ಹಾಸಿಗೆಯಲ್ಲಿ ಮಲಗಿದ್ದಂತೆಯೇ ಎಮ್ಮೆ ಮೈ ಕೊಡವಿದ್ದು, ಜೋಳದ ಕಣಿಕೆ ಮುರಿದದ್ದು, ಚರಿಗೆಗೆ ಹಾಲು ಬಿದ್ದದ್ದು ಎಲ್ಲಾ ಕೇಳುತ್ತದೆ. ಹಾಲು ಬೀಳುವ ಮೊದಲು ಇವಳ ಗುಣುಗುಣು ಶುರುವಾಗುತ್ತದೆ. ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ದೇವರ ಸ್ಮರಣೆ ಇರಬೇಕು ಅಂದುಕೊಂಡಿದ್ದೆ. ಆದರೆ ದೇವರ ಮುಂದೆ ಯಾರೂ ನಡುನಡುವೆ ಕಿಸಕ್ಕನೆ ನಗುವುದಿಲ್ಲವಲ್ಲ.

ಒಮ್ಮೆ ಕೇಳಿಯೇಬಿಟ್ಟೆ.

“ದಿನಾ ಎಮ್ಮಿ ಮುಂದ ಏನಂತೀಬೇ ನೀ?”

“ಹೆಂಗಸರ ಮಾತು. ನಿಮಗ್ಯಾಕ?”

“ಎಮ್ಮಿ ಯಾವಾಗ ಹೆಂಗಸಾತು?”

“ಮತ್ತೇನ ಗಂಡಸೈತೇನ್ರಿ?” ಅಂದು ಚಹಾದ ಕಪ್ಪು ನನ್ನ ಮುಂದೆ ಇಟ್ಟು ರೊಟ್ಟಿ ಬಡಿಯಲು ಹೋದಳು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವ. ಸಿಟ್ಟು ಮೊದಲಿನಿಂದ ಜಾಸ್ತಿ. ಅದಕ್ಕಿಂತ ಜಾಸ್ತಿ ‘ಇದು ಹೀಗ್ಯಾಕೆ’ ಎಂಬ ಚಟ. ಬಲ್ಬು ಹೋದರೆ ಹೊಸದು ಹಾಕುವುದು ಬಿಟ್ಟು ಹಳೆಯದನ್ನು ಬಿಚ್ಚಿ ನೋಡುವ ಜಾತಿ. ಮನೆಯೊಳಗೇ ಉತ್ತರ ಸಿಗದ ಒಂದು ಪ್ರಶ್ನೆ ಇದೆಯೆಂದರೆ ನನಗೆ ಸಮಾಧಾನವಿಲ್ಲ.

ಆ ಎಮ್ಮೆಯ ಕಥೆ ಸ್ವಲ್ಪ ಬೇರೆ. ಈಯ್ದು ತಿಂಗಳೊಳಗೆ ಅದರ ಕರು ಸತ್ತಿತ್ತು. ಕರು ಬಾಯಿ ಹಾಕದೆ ಎಮ್ಮೆ ಹಾಲು ಇಳಿಸುವುದಿಲ್ಲ. ಕೆಲವರು ಇಂಜೆಕ್ಷನ್ ಚುಚ್ಚಿ ಹಿಂಡುತ್ತಾರೆ. ಇವಳು ಒಪ್ಪಲಿಲ್ಲ. “ಮಗಾ ಸತ್ತಾಕಿಗೆ ಸೂಜಿ ಚುಚ್ಚಿ ಹಾಲ ತಗೀತೀರೇನ್ರಿ? ನಿಮ್ಮ ಬಾಯಾಗ ಹ್ಯಾಂಗರ ಇಳೀತೈತಿ ಆ ಚಾ?” ಎಂದು ನನ್ನನ್ನೇ ಜಬರಿಸಿದಳು. ಮೈ ತಿಕ್ಕಿ, ಕೊರಳು ಕೆರೆದು, ಕಿವಿಯಲ್ಲಿ ಅದೇನೋ ಹೇಳಿ ಹೇಳಿ, ಅದನ್ನು ತನ್ನ ಕೈಗೆ ಒಗ್ಗಿಸಿಕೊಂಡಳು. ಆಮೇಲೆ ಅದು ಅವಳೊಬ್ಬಳಿಗೇ ಹಾಲು ಬಿಡುವ ಎಮ್ಮೆಯಾಯಿತು.

ಇಂಥದ್ದರಲ್ಲಿ ಕಲಘಟಗಿಯಿಂದ ಅಳಿಯನ ಫೋನು ಬಂತು. ನಮಗಿರುವುದು ಒಬ್ಬಳೇ ಮಗಳು, ಕೊಟ್ಟಿರುವುದು ಕಲಘಟಗಿಗೆ. ಹಿಂದೆ ಎರಡು ಬಸಿರು ನಿಂತಿರಲಿಲ್ಲ. ಈ ಸಲ ಏಳನೇ ತಿಂಗಳು ಮುಟ್ಟಿತ್ತು, ನಾವೆಲ್ಲ ಉಸಿರು ಬಿಗಿಹಿಡಿದೇ ಕೂತಿದ್ದೆವು. ಡಾಕ್ಟರು ಪರೀಕ್ಷೆ ಮಾಡಿ, ಹಡೆಯುವತನಕ ಹಾಸಿಗೆ ಬಿಟ್ಟು ಏಳುವಂತಿಲ್ಲ, ಬಸ್ಸು ಕಾರು ಯಾವುದೂ ಹತ್ತುವಂತಿಲ್ಲ ಅಂದರಂತೆ. ತವರಿಗೆ ಕರೆತರುವ ಮಾತೇ ಇಲ್ಲ. ಬೀಗತಿ ತೀರಿಕೊಂಡು ವರ್ಷಗಳಾಗಿವೆ. ತಾಯಿಯೇ ಹೋಗಬೇಕು.

ಇವಳು ಸೀರೆ ಮಡಚಿ ಚೀಲಕ್ಕೆ ತುಂಬಿದಳು, ಕಡಕ್ ರೊಟ್ಟಿಯ ಗಂಟು ನನ್ನ ಕೈಗೆಟಕುವಲ್ಲಿ ಇಟ್ಟಳು. ಕೊನೆಗೆ ಎಮ್ಮೆಯ ಮುಂದೆ ಹೋಗಿ ನಿಂತುಬಿಟ್ಟಳು.

“ಇದರದು ಹ್ಯಾಂಗ್ರಿ?”

“ನಾ ಇಲ್ಲೇನು? ಹಿಂಡ್ತೀನಿ.”

“ನೀವು?” ಮಗಳ ಚಿಂತೆಯಲ್ಲೂ ಅವಳಿಗೆ ನಗು ಬಂತು. “ಹಾಲ ಇಳಸಲಿಲ್ಲಂದ್ರ ಕೆಚ್ಚಲ ಬಾವು ಬರ್ತದ. ನನಗ ಖರೇ ಹೇಳಬೇಕು ಮತ್ತ. ನಾ ಬಂದಬಿಡ್ತೀನಿ.”

ಅವಳು ಹಾಗೆ ಬಂದುಬಿಡುವವಳೇ. ಅದೇ ನನ್ನ ಹೆದರಿಕೆ. ಮಗಳ ಹತ್ತಿರ ನೀರು ಕೊಡುವುದಕ್ಕೂ ಜನವಿಲ್ಲ, ಅಳಿಯ ಮುಂಜಾನೆ ಕೆಲಸಕ್ಕೆ ಹೋದರೆ ಸಂಜೆಗೆ ಬರುವುದು. ಇವಳು ಎಮ್ಮೆಗಾಗಿ ಬಸ್ಸು ಹತ್ತಿದ ದಿನವೇ ಮಗಳು ಎದ್ದು ಓಡಾಡಿ ಏನಾದರೂ ಆದರೆ? ಮೂರನೆಯ ಸಲವೂ ಕೈಬಿಟ್ಟು ಹೋದರೆ ಆ ಹುಡುಗಿ ತಡೆದುಕೊಳ್ಳುವುದಿಲ್ಲ. ಎಮ್ಮೆ ಹಾಲು ಬಿಡಲೇಬೇಕು, ಇವಳು ಅಲ್ಲೇ ಇರಲೇಬೇಕು. ನನ್ನ ಪಾಲಿಗೆ ಬಂದ ಕೆಲಸ ಇಷ್ಟೇ.

ಅವಳು ಹೋದ ಮರುದಿನ ಬೆಳಿಗ್ಗೆ ಚರಿಗೆ ಹಿಡಿದು ಕೂತೆ. ಎಮ್ಮೆ ತಿರುಗಿ ನನ್ನನ್ನು ಒಮ್ಮೆ ನೋಡಿತು. ಇನ್ಸ್‌ಪೆಕ್ಷನ್ನಿಗೆ ಬಂದ ಅಧಿಕಾರಿಗಳು ನನ್ನನ್ನು ಹಾಗೆ ನೋಡಿದ್ದುಂಟು. ಕಾಲು ಎತ್ತಿ ಚರಿಗೆಯನ್ನು ಗೋಡೆಗೆ ಒದೆಯಿತು. ಬಿಸಿನೀರಿನಿಂದ ಕೆಚ್ಚಲು ತೊಳೆದೆ. ಹತ್ತಿಕಾಳು ನೆನೆಸಿ ಮುಂದಿಟ್ಟೆ, ಪೂರಾ ತಿಂದಿತು, ಹಾಲು ಇಳಿಸಲಿಲ್ಲ. ಇದ್ದ ಸಿಟ್ಟೆಲ್ಲ ಹಾಕಿ ಬೈದೆ. ಕಣ್ಣು ಮುಚ್ಚಿ ಮೆಲುಕು ಹಾಕಿತು.

ಸಂಜೆ ಫೋನಿನಲ್ಲಿ ಇವಳು ಕೇಳಿದ ಮೊದಲ ಮಾತೇ ಅದು.

“ಹಾಲ ಬಿಟ್ಟಳೇನ್ರಿ?”

“ಭರಪೂರ.”

“ಭರಪೂರ? ನನಗ ಎಂದೂ ಭರಪೂರ ಬಿಟ್ಟಿಲ್ಲಲ್ರಿ ಅದು.”

ಸುಳ್ಳು ಹೇಳುವುದಕ್ಕೂ ಒಂದು ಅಭ್ಯಾಸ ಬೇಕು. ಮಗಳ ಸುದ್ದಿ ಎತ್ತಿ ಮಾತು ಹೊರಳಿಸಿದೆ.

ನಮ್ಮ ಬಾಜೂ ಮನೆಯಲ್ಲಿ ಒಬ್ಬರು ಚಾಚಿ ಇದ್ದಾರೆ, ನನಗಿಂತ ಹಿರಿಯರು. ಆಡು ಸಾಕಿದ್ದಾರೆ. ನಮ್ಮ ದನದ ಅಂಕಣಕ್ಕೂ ಅವರ ಹಿತ್ತಲಿಗೂ ನಡುವೆ ಇರುವುದು ಎದೆಯೆತ್ತರದ ಗೋಡೆ, ಆದ್ದರಿಂದ ನನ್ನ ಫಜೀತಿ ಪೂರಾ ಅವರ ಕಣ್ಣೆದುರಿಗೇ ನಡೆಯುತ್ತಿತ್ತು. ಅವರೇ ಅಂದರು, “ಅಲ್ಲೋ ತಮ್ಮಾ, ಅದಕ್ಕ ನಿನ್ನ ಮಾರಿ ಗುರ್ತಿಲ್ಲ. ಅಕಿ ಸೀರಿ ಗುರ್ತೈತಿ. ಉಟಗೋ.”

“ಏನ ಉಟಗೊಳ್ಳಿ?”

“ಸೀರಿ! ಎಮ್ಮಿ ಹಿಂಡೂ ಗಂಡಸರು ಉಟಗೊಂಡ ಹಿಂಡತಾರ. ನೀನೇನ ಲಾಟ್‌ಸಾಹೇಬನೇನು?”

ಇದು ಸುಳ್ಳಲ್ಲ. ನಮ್ಮ ಕಡೆ ಹೆಂಡತಿ ಊರಲ್ಲಿಲ್ಲದಾಗ ಅವಳ ಸೀರೆ ಸುತ್ತಿಕೊಂಡು ಹಿಂಡಿದ ಗಂಡಸರನ್ನು ನಾನೇ ನೋಡಿ ನಕ್ಕಿದ್ದೇನೆ. ತಲೆಬಾಗಿಲು ಹಾಕಿದೆ. ಅವಳು ಒಗೆಯಲು ಬಿಟ್ಟುಹೋದ ಸೀರೆಯನ್ನೇ ಆರಿಸಿದೆ, ವಾಸನೆ ಇರಬೇಕೆಂದು. ಧೋತರದ ಮೇಲೆ ಸುತ್ತಿ, ಸೆರಗನ್ನು ತಲೆಯ ಮೇಲೆ ಹೊದ್ದು ಕೂತೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಫಲಿತಾಂಶ ನೋಡಬೇಕು ಎಂದು ಮಕ್ಕಳಿಗೆ ಕಲಿಸಿದವನು ನಾನು. ಮೊದಲು ಸೀರೆ, ಮರುದಿನ ಸೀರೆ ಮತ್ತು ಅವಳ ಗಾಜಿನ ಬಳೆಗಳ ಸದ್ದು. ಬಳೆ ನನ್ನ ಕೈಗೆ ಏರಲಿಲ್ಲ, ದಾರದಲ್ಲಿ ಕಟ್ಟಿ ಮೊಣಕೈಗೆ ತೂಗುಹಾಕಿಕೊಂಡೆ.

ಎಮ್ಮೆ ಸೆರಗನ್ನು ಮೂಸಿತು, ನೆಕ್ಕಿತು. ಅರ್ಧ ಚರಿಗೆ ಹಾಲು ಬಂತು! ನನಗೆ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ನನ್ನ ಮುಖಕ್ಕೆ ಮೂಗು ತಂದು ನೋಡಿ, ಮೋಸ ತಿಳಿಯಿತೋ ಏನೋ, ಗಪ್ಪನೆ ಬಿಗಿಹಿಡಿಯಿತು. ಮತ್ತೆ ತೊಟ್ಟೂ ಇಲ್ಲ.

ಚಾಚಿ ಗೋಡೆಗೆ ಆತು ನಿಂತು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. “ಸೀರಿ ಸಾಲದೋ ತಮ್ಮಾ. ಮಾತು ಬೇಕು. ಅಕಿ ದಿನಾ ಅದರ ಕಿವ್ಯಾಗ ಹೇಳ್ತಾಳಲ್ಲ.”

“ಏನ ಹೇಳ್ತಾಳ್ರಿ ಚಾಚಿ? ನಿಮಗ ಕೇಳಸ್ತದಲ್ಲ ಅಲ್ಲಿಂದ?”

“ಕೇಳಸ್ತದ.”

“ಮತ್ತ ಹೇಳ್ರಿ.”

“ಅಯ್ಯ, ಹುಚ್ಚದಿಯೇನು? ಅದು ಅಕಿಗೂ ಎಮ್ಮಿಗೂ ಇದ್ದದ್ದು. ನಾ ಯಾಕ ನಡಕ ಬರ್ಲಿ?” ಆಡು ಬಿಚ್ಚಿಕೊಂಡು ನಡೆದೇಬಿಟ್ಟರು.

ಅಂದರೆ ಓಣಿಗೆ ಗೊತ್ತಿರುವ ಸಂಗತಿ ನನಗೊಬ್ಬನಿಗೆ ಗೊತ್ತಿಲ್ಲ. ನಾನೇ ಮಾತಾಡಿ ನೋಡಿದೆ. ಏನು ಮಾತಾಡುವುದು? ಹವಾಮಾನ ಹೇಳಿದೆ. ಬಾಯಿಗೆ ಬೇರೇನೂ ಬರದೆ ಬೆಳಕಿನ ವಕ್ರೀಭವನದ ಪಾಠ ಹೇಳಿದೆ, ನಿವೃತ್ತಿಯಾದ ಮೇಲೆ ಅದನ್ನು ಹೇಳಿದ್ದು ಅದೇ ಮೊದಲು. ಎಮ್ಮೆಗೂ ನಿದ್ದೆ ಬಂತು, ಹಿಂದಿನ ಬೆಂಚಿನ ಹುಡುಗರಿಗೆ ಬರುತ್ತಿದ್ದಂತೆಯೇ.

ಆದರೆ ಆ ದಿನ ಕೆಚ್ಚಲು ಮುಟ್ಟಿದರೆ ಕಲ್ಲಿನಂತೆ ಗಟ್ಟಿಯಾಗಿತ್ತು. ಮುಟ್ಟಿದ ಕೂಡಲೇ ಎಮ್ಮೆ ನೋವಿಗೆ ಹಿಂದೆ ಸರಿಯಿತು. ಇನ್ನು ಮುಚ್ಚಿಡುವಂತಿರಲಿಲ್ಲ. ಇವಳಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದೆ.

“ನನಗ ಗೊತ್ತಿತ್ತು!” ಅಂದಳು. “ಭರಪೂರ ಅಂದಾಗನ ಗೊತ್ತಾತು. ನಾಳೆ ಫಸ್ಟ್ ಬಸ್ಸಿಗೆ ಬರ್ತೀನಿ. ಎರಡ ದಿವಸ ಇದ್ದು ಒಗ್ಗಿಸಿಕೊಟ್ಟ ಬರ್ತೀನಿ.”

ಹಿಂದಿನಿಂದ ಮಗಳ ದನಿ ಕೇಳಿಸಿತು. “ಹೋಗಿ ಬಾ ಅವ್ವಾ. ನಾ ಇರ್ತೀನಿ.” ಹೋಗು ಅನ್ನುವ ಬಾಯಿಯಲ್ಲೇ ಹೋಗಬೇಡ ಅನ್ನುವುದು ಎಷ್ಟು ಸ್ಪಷ್ಟವಾಗಿತ್ತೆಂದರೆ ನನಗೆ ತಡೆಯಲಾಗಲಿಲ್ಲ.

“ಬರಬ್ಯಾಡ ನೀ,” ಅಂದೆ. “ಅದಕ್ಕೇನ ಹೇಳ್ತೀಯೋ ಫೋನ್ಯಾಗ ಹೇಳು. ಅದರ ಕಿವಿ ಹಂತ್ಯಾಕ ಹಿಡೀತೀನಿ.”

ಬಳೆ ಕಿಣಿಗುಟ್ಟಿತು, ಫೋನು ಒಂದು ಕಿವಿಯಿಂದ ಇನ್ನೊಂದಕ್ಕೆ ಹೋಯಿತು.

“ಕೇಳಿಸ್ತೇನಬೇ?”

“ಕೇಳಿಸ್ತು. ನೀವು ಅಲ್ಲೇ ಇರ್ತೀರಲ್ರಿ.”

“ಮತ್ತ ಹಿಂಡಾವ್ರ್ಯಾರು?”

“ಛೀ. ನನಗ ಆಗೂದಿಲ್ಲ.”

ನಾನು ಬಿಡದೆ ಕಾಡಿದ ಮೇಲೆ ಷರತ್ತು ಹಾಕಿದಳು. “ನೀವು ಕಿವ್ಯಾಗ ಅರಳಿ ಇಟ್ಕೋಬೇಕು. ಎರಡೂ ಕಿವ್ಯಾಗ. ನನ್ನ ಮ್ಯಾಲ ಆಣಿ ಮಾಡ್ರಿ.”

ನಮ್ಮದು ಹತ್ತಿ ಬೆಳೆಯುವ ಸೀಮೆ, ಅರಳೆಗೆ ಬರಗಾಲವಿಲ್ಲ. ಮರುದಿನ ಬೆಳಿಗ್ಗೆ ಸೀರೆ ಉಟ್ಟೆ, ಫೋನನ್ನು ಸ್ಪೀಕರಿಗೆ ಹಾಕಿ ಟವೆಲ್ಲಿನಲ್ಲಿ ಸುತ್ತಿ ಎಮ್ಮೆಯ ಕಿವಿಯ ಹತ್ತಿರ ಗೂಟಕ್ಕೆ ಕಟ್ಟಿದೆ, ಅರಳೆ ಇಟ್ಟುಕೊಂಡೆ. ಒಂದೇ ಕಿವಿಗೆ. ಹಿಂಡುವಾಗ ಎಮ್ಮೆಯ ಹೊಟ್ಟೆಗೆ ಆನಿಸುವ ಕಿವಿಗೆ.

“ಅರಳಿ ಇಟ್ಕೊಂಡ್ರೇನ್ರಿ?” ಎಂದು ಫೋನು ಕೇಳಿತು. ನಾನು ಮಾತಾಡಲಿಲ್ಲ. ಕೇಳಿಸದವನು ಉತ್ತರ ಕೊಡಬಾರದು ಎಂಬ ಬುದ್ಧಿ ಅದೃಷ್ಟಕ್ಕೆ ಆ ಹೊತ್ತಿಗೆ ಇತ್ತು.

ಆಗ ಅವಳ ದನಿ ಬದಲಾಯಿತು. ಮೆತ್ತಗೆ, ನನಗೆ ಗುರುತೇ ಇಲ್ಲದ ದನಿ.

“ಏನವ್ವಾ, ಸಿಟ್ಟ ಮಾಡಿಯೇನ ನನ್ನ ಮ್ಯಾಲ? ಹೇಳದ ಕೇಳದ ಬಂದಬಿಟ್ಟೆ. ಏನ ಮಾಡ್ಲಿ, ಮಗಳು ಹಾಸಿಗಿ ಹಿಡದಾಳ. ನೀನೂ ಹಡದಾಕಿ, ನಿನಗ ತಿಳಿಯೂದಿಲ್ಲೇನು?”

ಎಮ್ಮೆಯ ಕಿವಿ ಫೋನಿನ ಕಡೆ ತಿರುಗಿತು. ಮೆಲುಕು ನಿಂತಿತು.

ಅದರ ನಂತರದ ಶಬ್ದ ನನ್ನ ಹೆಸರು.

ನನ್ನ ಹೆಸರು! ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆ ಮನೆಯಲ್ಲಿ ಪ್ರಾಸದ ಸಾಲಿನಲ್ಲಿ ಸೇರಿಸಿ ಒಡಪು ಕಟ್ಟಿ ಹೇಳಿದರೆ ಹೇಳಿದರು, ಅದೂ ನಾಲ್ಕು ಮಂದಿ ಕಾಡಿದ ಮೇಲೆ. ಬ್ಯಾಂಕಿನಲ್ಲಿ ಗಂಡನ ಹೆಸರೇನು ಎಂದು ಕೇಳಿದರೆ ಇವಳು ನನ್ನ ಪಕ್ಕೆಗೆ ತಿವಿಯುತ್ತಾಳೆ. ಅಂಥವಳು ಹಿಂದೆ ಮುಂದೆ ಏನೂ ಹಚ್ಚದೆ, ನನ್ನ ತಾಯಿ ಕರೆಯುತ್ತಿದ್ದಂತೆ, ಬರೀ ಹೆಸರು ಹಿಡಿದು ಎಮ್ಮೆಗೆ ಹೇಳುತ್ತಿದ್ದಳು.

“ಎದ್ದಾನಿಲ್ಲ? ಎದ್ದಿರ್ತಾನ, ನಾ ಇಲ್ಲಂದ್ರ ನಿದ್ದಿ ಹತ್ತೂದಿಲ್ಲ ಅವಗ. ಹಾಲ ಬಿಡವ್ವಾ ತಾಯಿ. ಹಾಲಿಲ್ಲಂದ್ರ ಕರೀ ಚಾ ಕುಡದು ಕುಂದರ್ತಾನ, ಯಾರ ಮುಂದೂ ಅನ್ನೂದಿಲ್ಲ. ಮೊಣಕಾಲ ನೋಯಾಕತ್ತೈತಿ, ಅದನೂ ಅನ್ನೂದಿಲ್ಲ. ಪಾವಟಗಿ ಇಳಿಯೂ ಮುಂದ ಗ್ವಾಡಿ ಹಿಡೀತಾನ, ನಾ ನೋಡಿದ್ರ ಕೈ ತಗದಬಿಡ್ತಾನ. ನಾ ನಿನ್ನ ಹಿಂಡಿ ಬರೂದ್ರೊಳಗ ಬಚ್ಚಲ ಒಲಿ ಹಚ್ಚಿಟ್ಟಿರ್ತಾನ, ನನಗ ಬಿಸಿನೀರಿಗಂತ. ಹಚ್ಚಿ ಏನೂ ಗೊತ್ತಿಲ್ಲದಾಂವನಂಗ ಪೇಪರ್ ಹಿಡಕೊಂಡ ಕುಂತಿರ್ತಾನ. ಪೇಪರ್‌ಗೆ ಮಸಿ ಹತ್ತಿರ್ತದ!” ಇಲ್ಲಿ ಕಿಸಕ್ಕನೆ ನಕ್ಕಳು. “ಸಿಟ್ಟು ಮೂಗಿನ ಮ್ಯಾಲ ಖರೆ. ಆದ್ರ ಭಾಳ ಚಲೋ ಮನಷಾ ನೋಡವ್ವಾ. ನನಗ ಭಾಳ ಚಲೋ ಮನಷಾ ಸಿಕ್ಕಾನ.”

ಹಾಲು ಇಳಿಯಿತು. ಕೈಯಲ್ಲಿ ತೊಟ್ಟು ತಾನಾಗಿ ತುಂಬಿದ್ದು ಗೊತ್ತಾಯಿತು. ಚರಿಗೆ ತುಂಬಿತು, ಇನ್ನೊಂದು ಪಾತ್ರೆಗೆ ಓಡಿದೆ. ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಸೀರೆ ಉಟ್ಟ ಅನುಕೂಲ ಅದೊಂದು.

“ಬಿಟ್ಟಳೇನ್ರಿ?” ಎಂದು ಅವಳು ಜೋರಾಗಿ ಕೂಗಿದಳು, ಕಿವುಡನಿಗೆ ಕೂಗಿದ ಹಾಗೆ. ಅರಳೆ ತೆಗೆದವನಂತೆ ಸ್ವಲ್ಪ ಹೊತ್ತು ತಡೆದು, “ಬಿಟ್ಟಳು. ನೀ ಅಲ್ಲೇ ಇರು,” ಅಂದೆ.

ಅಂದಿನಿಂದ ದಿನಾ ಬೆಳಿಗ್ಗೆ ಫೋನು. ನಾನು ಅಲಾರಾಂ ಇಲ್ಲದೆ ಏಳತೊಡಗಿದೆ. ಏನು ಸಿಗುತ್ತದೋ ಇವತ್ತು ಎಂಬ ಆಸೆ, ಕಣ ಕಾಯುವ ಗುಬ್ಬಿಗೆ ಇದ್ದಂತೆ. ನಾನು ನಿದ್ದೆಯಲ್ಲಿ ವಿದ್ಯಾರ್ಥಿಗಳನ್ನು ಬೈಯುತ್ತೇನಂತೆ. ಬದನೆಕಾಯಿ ಎಣ್ಣೆಗಾಯಿ ಮಾಡಿದ ದಿನ ಒಂದು ರೊಟ್ಟಿ ಹೆಚ್ಚಿಗೆ ಬೇಕಿದ್ದರೂ ಅವಳಿಗೆ ಕಡಿಮೆ ಬೀಳುತ್ತದೆಂದು ಕೈ ತೊಳೆಯುತ್ತೇನಂತೆ, ಆದ್ದರಿಂದ ಅವಳು ಮೊದಲೇ ಒಂದು ಹೆಚ್ಚಿಗೆ ಬಡಿಯುತ್ತಾಳಂತೆ. ನಾನು ಗುಟ್ಟಾಗಿ ಮಾಡಿದೆ ಅಂದುಕೊಂಡ ಎಲ್ಲವೂ ಅವಳಿಗೆ ಗೊತ್ತು, ಎಮ್ಮೆಗೂ ಗೊತ್ತು. ನನ್ನ ಮುಂದೆ ಒಂದು ದಿನವೂ ಬಾಯಿಬಿಟ್ಟಿದ್ದಿಲ್ಲ. ಯಾಕೆ ಹೀಗೆ? ಎಮ್ಮೆಗೆ ಹೇಳುವಷ್ಟು ಸಲೀಸಾಗಿ ನಾವು ಒಬ್ಬರಿಗೊಬ್ಬರು ಯಾಕೆ ಹೇಳುವುದಿಲ್ಲ? ಎಷ್ಟು ಯೋಚಿಸಿದರೂ ಇದಕ್ಕೆ ನನ್ನ ವಿಜ್ಞಾನದಲ್ಲಿ ಜಾಗ ಸಿಗಲಿಲ್ಲ.

ಒಂಬತ್ತನೇ ತಿಂಗಳು ಹಿಡಿಯಿತು. ಒಂದು ಬೆಳಿಗ್ಗೆ ಫೋನು ಬಂದದ್ದು ದವಾಖಾನೆಯಿಂದ. ಬೇನೆ ಶುರುವಾಗಿದೆ, ಒಳಗೆ ಕರೆದುಕೊಂಡು ಹೋಗಿದ್ದಾರೆ, ಅಳಿಯ ಔಷಧಿ ತರಲು ಓಡಿದ್ದಾನೆ ಅಂದಳು. ಆದರೂ ಎಮ್ಮೆಗೆ ಎರಡು ಮಾತು ಹೇಳಿದಳು. ದನಿ ನಡುಗುತ್ತಿತ್ತು. ಎಮ್ಮೆ ಸ್ವಲ್ಪ ಮಾತ್ರ ಹಾಲು ಬಿಟ್ಟು ನಿಲ್ಲಿಸಿತು. ಒಬ್ಬನೇ ಮನೆಯಲ್ಲಿ ಕೂರಲಾಗದೆ ಅಷ್ಟನ್ನೇ ಕ್ಯಾನಿಗೆ ಹಾಕಿಕೊಂಡು ಹಾಲಿನ ಡೇರಿಗೆ ಹೋದೆ. ಪಾಳಿಯಲ್ಲಿ ನಿಂತೆ. ಮುಂದೆ ಹಿಂದೆ ಊರಿನ ಗಂಡಸರು, ಅರ್ಧ ಮಂದಿ ನನ್ನ ಹಳೇ ವಿದ್ಯಾರ್ಥಿಗಳು, ನನ್ನ ಕೈಲಿ ಏಟು ತಿಂದವರು.

ಫೋನು ಮತ್ತೆ ಬಂತು.

“ಏನಾತಬೇ?”

“ಇನ್ನೂ ಏನೂ ಹೇಳವಲ್ರು. ಡಾಕ್ಟರು ಓಡಿ ಒಳಗ ಹೋದ್ರು. ಬಾಗಲಾ ಹಾಕ್ಯಾರ.” ಉಸಿರು ಮೇಲೆ ಕೆಳಗೆ ಆಗುತ್ತಿತ್ತು. “ನನಗ ಹೆದರಿಕಿ ಆಗಾಕತ್ತೈತ್ರಿ. ಏನರ ಅನ್ರಿ.”

ಏನು ಅನ್ನಲಿ? ನನಗೆ ಗೊತ್ತಿದ್ದದ್ದು ಒಂದೇ ರೀತಿ, ಅದೂ ಅವಳಿಂದಲೇ ಕೇಳಿ ಕಲಿತದ್ದು. ನಾನೂ ಅವಳ ಹೆಸರು ಹಿಡಿದು ಕರೆದವನಲ್ಲ. ‘ಏ’, ‘ಬೇ’, ‘ಎಲ್ಲಿದ್ದಿ’, ಇಷ್ಟರಲ್ಲೇ ನಮ್ಮ ಸಂಸಾರ ಸಾಗಿದೆ. ಕ್ಯಾನು ಕೆಳಗಿಟ್ಟೆ. ಅವಳ ಹೆಸರು ಹೇಳಿದೆ.

“ಅಲ್ಲೇ ಗ್ವಾಡಿಗೆ ಆತು ಕುಂದರು,” ಅಂದೆ. “ಮುಂಜಾನಿಂದ ಚಾ ಕುಡದಿಲ್ಲ ನೀ, ನನಗ ಗೊತ್ತೈತಿ. ಬ್ಯಾರೇದವ್ರಿಗೆ ಕುಡಸಿ ನೀ ಹಂಗ ಉಳೀತಿ, ಅದೂ ಗೊತ್ತೈತಿ. ಹೆದರಿದ್ರ ಕುಂಕುಮ ಮುಟ್ಟಿ ಮುಟ್ಟಿ ನೋಡ್ಕೋತಿ, ಈಗೂ ಮುಟ್ಟಾಕತ್ತಿ. ಏನೂ ಆಗೂದಿಲ್ಲ. ನಾ ಇದ್ದೀನಿ. ನನಗ ಭಾಳ ಚಲೋ ಹೆಂಡ್ತಿ ಸಿಕ್ಕಾಳ.”

ಪಾಳಿಯಲ್ಲಿ ಮಾತು ನಿಂತಿದ್ದು ನನಗೆ ಆಮೇಲೆ ಗೊತ್ತಾಯಿತು.

ಅವಳು ಅಂದಳು, “ಅಂದ್ರ ನೀವು ಕಿವ್ಯಾಗ ಅರಳಿ ಇಟ್ಕೊಂಡಿರಲಿಲ್ಲ.”

“ಒಂದ ಕಿವ್ಯಾಗ ಇಟ್ಕೊಂಡಿದ್ದೆ.”

“ದಿನಾ?”

“ದಿನಾ.”

ಅವಳು ನಕ್ಕಳೋ ಅತ್ತಳೋ, ಎರಡೂ ಕೂಡಿದ ಒಂದು ಸದ್ದು. ಅದರ ನಡುವೆಯೇ ಬಾಗಿಲು ತೆರೆದದ್ದು, ಯಾರೋ ಅವಳನ್ನು ಕರೆದದ್ದು, ಚಪ್ಪಲಿಗಳ ಓಡಾಟ. ಫೋನು ಬಂದ್ ಆಗಲಿಲ್ಲ. ಕಿವಿಗೆ ಒತ್ತಿ ಹಿಡಿದು ನಿಂತೆ. ಅಷ್ಟು ದೂರದಿಂದ ಎಳೇ ಕೂಸಿನ ಅಳು ಬಂತು, ಸಿಟ್ಟಿನ ಅಳು, ಗಟ್ಟಿ ಅಳು.

“ಹೆಣ್ಣ ಕೂಸ್ರೀ! ಇಬ್ರೂ ಅರಾಮದಾರ. ನಮ್ಮ ಮಗಳು ಅರಾಮದಾಳ್ರೀ!”

ಡೇರಿಯ ಕಟ್ಟೆಯ ಮೇಲೆ ಕೂತೆ. ಯಾರೋ ನನ್ನ ಕ್ಯಾನು ಮುಂದೆ ಸರಿಸಿದರು. ಅವಳು ಅಳುತ್ತಲೇ ಇದ್ದಳು, ನಾನೂ.

“ಇನ್ನ ಇಡು, ಒಳಗ ಹೋಗಿ ಕೂಸಿನ್ನ ನೋಡು,” ಅಂದೆ.

“ಹೋಗ್ತೀನಿ. ಇನ್ನೊಮ್ಮೆ ಅನ್ರಿ.”

“ಏನ ಅನ್ಲಿ?”

“ಆಗ ಅಂದ್ರಲ್ಲ. ನನ್ನ ಹೆಸರು.”

ತಲೆ ಎತ್ತಿದೆ. ಇಡೀ ಪಾಳಿ ನನ್ನನ್ನೇ ನೋಡುತ್ತಿತ್ತು. ಎದ್ದು ನಿಂತು, ಹಾಜರಿ ಕೂಗುವಾಗಿನ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಅವಳ ಹೆಸರು ಕರೆದೆ.

“ಹೂಂ,” ಅಂದಳು.